ಕಳದೋದ ಕೀಯ ಕತ

ಹೋದ ದೀಪಾವಳಿ ಜಾತ್ರಲಿ ಮಾದಪ್ಪನ ಬೆಟ್ಟಕ್ಕ ಹೋಗಿದ್ದಾಗ ನನ್ನ ಕೈಚೀಲ ಜನದ ಒಳಗ ಎಲ್ಲೋ ಬಿದ್ದೋಯ್ತು. ಅದರೊಳಗ ಇದ್ದ ದುಡ್ಡು ಮುನ್ನೂರೋ ನಾನ್ನೂರೋ ಅಷ್ಟೇಯ. ಆದ್ರ ಕಾರಿನ ಕೀ ಇತ್ತು, ಅದರ ಜೊತಗ ಆರ್‌ಸಿ ಜೆರಾಕ್ಸೂ ಇತ್ತು. ಆರ್‌ಸಿ ಅಂದ್ರ ಗೊತ್ತಲ್ಲ, ಗಾಡಿ ನಂಬರು, ಹೆಸರು, ಊರು ಎಲ್ಲಾನೂ ಅದ್ರಲ್ಲಿ ಬರದಿರ್ತದ.

ನಮ್ಮ ಮೈದುನ ಬೈಕಲ್ಲಿ ಶಾಗ್ಯಕ್ಕ ಹೋಗಿ ಬೀರುಲಿದ್ದ ಇನ್ನೊಂದು ಕೀ ತಕ್ಕಂಡು ಬಂದ. ಕಾರು ಸ್ಟಾರ್ಟಾಯ್ತು. "ಮುಗೀತಲ್ಲ, ಮಾದಪ್ಪ ಕಾಪಾಡ್ದ" ಅಂದ್ರು ಎಲ್ಲಾರೂ. ನನಗ ಮಾತ್ರ ಮುಗಿದಂಗ ಕಾಣ್ನಿಲ್ಲ. ನಮ್ಮ ಕಾರಿನ ಕೀಯೂ ನಮ್ಮ ವಿಳಾಸವೂ ಒಂದೇ ಚೀಲದಲ್ಲಿ ಯಾರದೋ ಕೈಲಿ ಅದಲ್ಲ ಅಂತ ರಾತ್ರಿಯೆಲ್ಲ ನಿದ್ದ ಬರ್ನಿಲ್ಲ. ಆವತ್ತಿಂದ ಈ ಬೀಗ, ಕೀ ಹೆಂಗ ಹುಟ್ಟಿ ಹೆಂಗ ಬೆಳದು ಬಂದೊ ಅಂತ ಓದ್ತಾ, ಕೇಳ್ತಾ ಬಂದಿನಿ. ಅದನ್ನೇ ಇವತ್ತು ನಿಮಗ ಹೇಳ್ತಿನಿ.

ನಮ್ಮಜ್ಜಿ ಕಾಲದಲ್ಲಿ ಹಟ್ಟಿಗ ಬೀಗ ಅನ್ನೋದೇ ಇರ್ನಿಲ್ಲ. ಕದದ ಹಿಂದ ಮರದ ಅಗುಳಿ ಇರದು. ರಾತ್ರಿ ಮನಗಾಗ ಒಳಗಿಂದ ಹಾಕ್ಕಳದು, ಬೆಳಗಾದ್ರ ತಗಿಯದು. ಹಗಲೊತ್ತು ಹೊಲಕ್ಕ ಹೋದ್ರ ಚಿಲಕ ಸಿಗಿಸಿ, "ನೋಡ್ಕಳವ್ವ" ಅಂತ ಪಕ್ಕದ ಹಟ್ಟಿ ಮುದುಕಿಗ ಹೇಳಿದ್ರ ಆಯ್ತು. ರಾಗಿ ಹಗೇವಿನೊಳಗ ಇರದು. ಹಗೇವಿನ ಬಾಯಿಗ ಕಲ್ಲು ಚಪ್ಪಡಿ ಮುಚ್ಚಿ ಮ್ಯಾಲ ಮಣ್ಣು ಎಳದ್ರ, ಅದನ್ನ ತಗಿಯಕ್ಕ ನಾಕು ಜನ ಬೇಕು. ನಾಕು ಜನ ಸೇರಿ ಅಗದ್ರ ಊರಿಗೇ ಗೊತ್ತಾಯ್ತದ. ಹಂಗಾಗಿ ಊರೇ ಬೀಗ, ಊರೇ ಕೀ.

ಬೀಗ ಬಂದದ್ದು ಪೆಟ್ಟಿಗ ಜೊತಗ. ಮದುವಲಿ ಕೊಟ್ಟ ಕಬ್ಬಿಣದ ಟ್ರಂಕು, ಅದ್ರೊಳಗ ಧಾರೆ ಸೀರ, ಒಂದೆಳೆ ಒಡವ, ಪತ್ರ. ಅದರ ಕೀಯ ನಮ್ಮವ್ವ ಪಿನ್ನಿಗ ಸಿಗಿಸಿ ತಾಳಿ ಸರದಲ್ಲೇ ಮಡಿಕ್ಕತಿದ್ಲು. ಸೊಸ ಬಂದ ಮ್ಯಾಲ ಅತ್ತೆ ಯಾವತ್ತು ಕೀ ಕೊಡ್ತಾಳ ಅನ್ನೋದೇ ಒಂದು ದೊಡ್ಡ ವಿಚಾರ. ಕೀ ಕೈಗ ಬಂದ ದಿನವೇ ಸೊಸ ಆ ಹಟ್ಟಿಯವಳಾಗದು. ಬೀಗರು, ಬೀಗ್ತಿ ಅಂತ ಕರಿಯೋ ನಾವು ಬೀಗಕ್ಕೂ ಸಂಬಂಧಕ್ಕೂ ಒಂದೇ ಮಾತು ಮಡಗಿಕೊಂಡಿದ್ದೀವಿ ಅಂತ ನನಗ ಆಗಾಗ ನಗ ಬತ್ತದ.

ಬೊಂಬಾಯಲ್ಲಿ ಅರ್ದೇಶಿರ್ ಗೋದ್ರೇಜ್ ಅನ್ನೋರು ಬೀಗ ಮಾಡಕ್ಕ ಶುರು ಮಾಡಿದ್ದು 1897ರಲ್ಲಿ. ಅದಕ್ಕೂ ಮುಂಚ, 1861ರಲ್ಲಿ, ಅಮೆರಿಕದ ಲೈನಸ್ ಯೇಲ್ ಅನ್ನೋರು ಚಪ್ಪಟೆ ಕೀಯ ಬೀಗಕ್ಕ ಪೇಟೆಂಟು ತಕ್ಕಂಡಿದ್ರು. ಒಳಗ ಸಣ್ಣ ಸಣ್ಣ ಪಿನ್ನು ಇರ್ತವ. ಕೀಯ ಹಲ್ಲು ಒಂದೊಂದು ಪಿನ್ನನ್ನೂ ಸರಿಯಾದ ಎತ್ತರಕ್ಕ ಎತ್ತಿದ್ರ ಮಾತ್ರ ಬೀಗ ತಿರುಗ್ತದ. ಇವತ್ತಿಗೂ ನಮ್ಮ ಮುಂಬಾಗಿಲ ಬೀಗದ ಒಳಗ ಇರದು ಹೆಚ್ಚುಕಮ್ಮಿ ಇದೇಯ. ನಮಗ ಇನ್ನೂ ಹತ್ರದ್ದು ಅಂದ್ರ ದಿಂಡಿಗಲ್ ಬೀಗ. ಕೊಳ್ಳೇಗಾಲ 1956ರ ತನಕ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲಗೇ ಸೇರಿತ್ತಲ್ಲ, ತಮಿಳು ಸೀಮೆ ನಮಗ ಹೊರಗಿಂದಲ್ಲ. ಕೈಲೇ ಮಾಡೋ ಆ ದಿಂಡಿಗಲ್ ಬೀಗಕ್ಕ 2019ರಲ್ಲಿ ಜಿಐ ಗುರುತು ಸಿಕ್ತು.

ಒಂದ್ಸಲ ನಮ್ಮವ್ವನ ಟ್ರಂಕಿನ ಕೀ ಕಾವಲಿಲಿ ಬಟ್ಟ ಒಗಿವಾಗ ಬಿದ್ದೋಯ್ತು. ಅಪ್ಪ ಬೀಗಾನೇ ತಕ್ಕಂಡು ಸಂತ ದಿನ ಕೀ ಮಾಡೋನ ಹತ್ರ ಹೋದ್ರು. ಅವ ಹಲ್ಲಿಲ್ಲದ ಒಂದು ಕೀಯ ಬೀಗಕ್ಕ ತೂರಿಸಿ ತಿರುಗಿಸ್ದ, ಗುರ್ತು ಬಿದ್ದ ಕಡ ಅರ ಹಾಕಿ ಉಜ್ಜಿದ, ತಿರುಗಾ ತೂರಿಸ್ದ. ಅರ್ಧ ಗಂಟಗ ಹೊಸ ಕೀ ಸಿದ್ಧ. ಕಳದೋದ ಹಳೇದು ಎಲ್ಲಿ ಅದ ಅಂತ ಯಾರೂ ಕೇಳ್ನಿಲ್ಲ. ನೀರಲ್ಲಿ ಸಿಕ್ಕಿದೋನಿಗ ಅದು ಯಾರ ಟ್ರಂಕಿಂದು ಅಂತ ಹೆಂಗ ತಿಳಿದಾತು?

ಇನ್ನು ಕಾರು. ಮೊದಮೊದಲು ಕಾರಿಗ ಕೀ ತಿರುಗಿಸಿ ಸ್ಟಾರ್ಟ್ ಮಾಡದು ಇರ್ನಿಲ್ಲ. ಮುಂದುಗಡ ಹ್ಯಾಂಡ್ಲು ತೂರಿಸಿ ತಿರುಗಿಸಬೇಕು. ಒದ್ರ ಕೈ ಮುರಿಯದು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗ ಕರೆಂಟಿನ ಸ್ಟಾರ್ಟರು ಬಂತು. ರಟ್ಟಲಿ ಬಲ ಇಲ್ಲದವರೂ, ಹೆಂಗಸರೂ ಒಬ್ಬರೇ ಕಾರು ತಗಿಯಂಗಾಯ್ತು. ಕೀ ತಿರುಗಿಸಿದ್ರ ಎಂಜಿನ್ನೇ ಸ್ಟಾರ್ಟಾಗೋದು 1949ರಲ್ಲಿ ಕ್ರೈಸ್ಲರ್ ಕಾರಲ್ಲಿ ಬಂತು.

ನಮ್ಮ ದೇಶದ ಕೀಗಳಲ್ಲಿ ಹೆಸರಾದ್ದು ಅಂದ್ರ ಮಾರುತಿ 800ದ್ದು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲನೇ ಕಾರಿನ ಕೀಯ ಅದನ್ನ ತಕ್ಕಂಡವರ ಕೈಗ ತಾವೇ ಕೊಟ್ರು. ಆ ಕೀ ಬರೀ ಹಲ್ಲಿನ ತಗಡು. ಅಂಬಾಸಿಡರಿಂದೂ ಅಷ್ಟೇಯ. ಅಂತ ಕಾರುಗಳ ಬೀಗ ಸವದ್ರ ಒಂದರ ಕೀ ಇನ್ನೊಂದಕ್ಕೂ ತಿರುಗದು. ಕೀ ಇಲ್ಲದಿದ್ರೂ ಸ್ಟೇರಿಂಗಿನ ಕೆಳಗಿನ ವೈರು ಕೂಡಿಸಿದ್ರ ಗಾಡಿ ಸ್ಟಾರ್ಟಾಗದು.

ಅದೇ ಕಳ್ಳರಿಗ ಹಬ್ಬ ಆಯ್ತು. 1990ರ ಆಸುಪಾಸಲ್ಲಿ ಯುರೋಪಲ್ಲಿ ಕಾರು ಕಳ್ಳತನ ಹೆಚ್ಚಾದಾಗ, ಕೀಯ ತಲೆಯೊಳಗ ಒಂದು ಸಣ್ಣ ಚಿಪ್ಪು ಕೂರಿಸಿದ್ರು. 1998ರಿಂದ ಅಲ್ಲಿ ಹೊಸ ಕಾರಿಗೆಲ್ಲ ಅದು ಕಡ್ಡಾಯವೇ ಆಯ್ತು. ಅಕ್ಕಿ ಕಾಳಷ್ಟಿರೋ ಆ ಚಿಪ್ಪಿಗ ಬ್ಯಾಟರಿ ಬ್ಯಾಡ. ಕೀ ತೂರಿಸೋ ಜಾಗದ ಸುತ್ತ ಒಂದು ತಂತಿ ಸುರುಳಿ ಅದ, ಅದರಿಂದಲೇ ಅದಕ್ಕ ಶಕ್ತಿ ಸಿಕ್ತದ. "ನೀ ಯಾರು?" ಅಂತ ಕಾರು ಕೇಳ್ತದ, ಚಿಪ್ಪು ತನ್ನ ಗುರುತು ಹೇಳ್ತದ. ಕಾರಿನ ನೆನಪಲ್ಲಿ ಆ ಗುರುತು ಇಲ್ಲದಿದ್ರ ಎಂಜಿನ್ನು ಓಡದೇ ಇಲ್ಲ. ಅದಕ್ಕೇಯ ಸಂತೆಲಿ ಹಲ್ಲು ಉಜ್ಜಿಸಿಕೊಂಡು ಬಂದ ಕೀ ಬಾಗಿಲು ತಗೀತದ, ಗಾಡಿ ಓಡಿಸಲ್ಲ.

ಗುಂಡಿ ಒತ್ತಿ ಬಾಗಿಲು ತಗಿಯೋ ರಿಮೋಟಿಂದು ಬ್ಯಾರೆ ಕತ. 1980ರ ದಶಕದ ಮೊದಲಲ್ಲೇ ಫ್ರಾನ್ಸಿನ ರೆನೋ ಕಾರಲ್ಲಿ ಅದು ಬಂದಿತ್ತು. ಅದಕ್ಕ ಬಿಲ್ಲ ಬ್ಯಾಟರಿ ಬೇಕು. ಒಂದೇ ಗುಟ್ಟಿನ ನಂಬರು ಕಳಿಸಿದ್ರ ಕಳ್ಳರು ಹಿಡಿದು ಅದನ್ನೇ ತಿರುಗಾ ಕಳಿಸ್ತಿದ್ರು. ಅದಕ್ಕ ಈಗ ಒಂದೊಂದು ಸಲ ಒತ್ತಿದಾಗಲೂ ನಂಬರು ಬದಲಾಯ್ತದ. ಬ್ಯಾಟರಿ ಸತ್ರ ಗಾಬರಿ ಆಗಬ್ಯಾಡಿ, ರಿಮೋಟಿನ ಹೊಟ್ಟಲೇ ಒಂದು ತಗಡಿನ ಕೀ ಅಡಗಿರ್ತದ, ಅದರಲ್ಲಿ ಬಾಗಿಲು ತಗೀಬಹುದು. ಗುಂಡಿ ಒತ್ತಿ ಸ್ಟಾರ್ಟ್ ಮಾಡೋ ಕಾರಾದ್ರ ಸಾಮಾನ್ಯವಾಗಿ ರಿಮೋಟನ್ನ ಆ ಗುಂಡಿ ಹತ್ರ ಹಿಡಿದು ಒತ್ತಿದ್ರ ಸ್ಟಾರ್ಟಾಯ್ತದ.

ಈಗ ನನ್ನ ವಿಚಾರಕ್ಕ ಬತ್ತಿನಿ. "ಇನ್ನೊಂದು ಕೀ ಅದಲ್ಲ, ಸುಮ್ಮನ ದುಡ್ಡು ಯಾಕ ಕಳೀತಿಯ?" ಅಂದ್ರು ನಮ್ಮ ಯಜಮಾನ್ರು. ನಮ್ಮತ್ತೆ ಮಾತ್ರ ಸುಮ್ಮನ ಕೇಳ್ತಿದ್ದವರು, "ಹಟ್ಟಿ ಕೀ ದಾರಿಲಿ ಬುಟ್ಟು ಬಂದು ಯಾರಾರ ನಿದ್ದ ಮಾಡರಾ? ಹೋಗು ಕೂಸು, ಮಾಡಿಸ್ಕಂಡು ಬಾ" ಅಂದ್ರು. ಅಷ್ಟು ಸಾಕಾಯ್ತು ನನಗ. ಮೊದಲು ಪೊಲೀಸ್ ಠಾಣೆಲಿ ಅರ್ಜಿ ಕೊಟ್ಟು ಹಿಂಬರಹ ತಕ್ಕಂಡೆ. ಆಮೇಲ ಆರ್‌ಸಿ, ಆಧಾರು, ಇನ್ಷೂರೆನ್ಸು, ಉಳಿದ ಕೀ ಎಲ್ಲಾನೂ ಹಿಡ್ಕಂಡು ಮೈಸೂರಿಗ ಹೋದೆ. ಕಾರು ನಿಮ್ದೇ ಅಂತ ತೋರಿಸದೆ ಕೀ ಕೊಡಲ್ಲ, ಕೊಡಲೂಬಾರದು.

ಅಲ್ಲಿನ ಹುಡುಗ ಸ್ಟೇರಿಂಗಿನ ಕೆಳಗ ವೈರು ಸಿಗಿಸಿ ಕಾರಿನ ನೆನಪಲ್ಲಿದ್ದ ಕೀಯೆಲ್ಲಾನೂ ಅಳಿಸ್ದ. ಆಮೇಲ ನಮ್ಮ ಉಳಿದ ಕೀಯನ್ನೂ ಹೊಸದನ್ನೂ ತಿರುಗಾ ಕಾರಿಗ ಪರಿಚಯ ಮಾಡಿಸ್ದ. "ಉಳಿದ ಕೀ ತರದಿದ್ರ ಅದೂ ಕೆಲಸಕ್ಕ ಬತ್ತಿರ್ನಿಲ್ಲ ಮೇಡಂ" ಅಂದ. ಆದ್ರ ಒಂದು ಮಾತು ಅವನಾಗೇ ಹೇಳ್ನಿಲ್ಲ, ನಾನು ಕೇಳಿದ್ಮ್ಯಾಲ ಹೇಳ್ದ. ಕಳದೋದ ಕೀಲಿ ಇನ್ನು ಎಂಜಿನ್ನು ಓಡಲ್ಲ, ಆದ್ರ ಅದರ ತಗಡು ಬಾಗಿಲ ಬೀಗಕ್ಕ ಈಗಲೂ ಹೊಂದ್ತದ. ಬೀಗಾನೇ ಬದಲಾಯಿಸಿದ್ರ ಮಾತ್ರ ಅದು ಪೂರ್ತಿ ಸತ್ತಂಗ. ಅದಕ್ಕ ಬ್ಯಾರೆ ದುಡ್ಡು. ನನಗ ಕೀಗೇ 14,000 ಆಯ್ತು, ಬೀಗ ಬದಲಾಯಿಸ್ನಿಲ್ಲ. ಈಗ ಕಾರೊಳಗ ಒಂದು ಬ್ಯಾಗೂ ಬುಟ್ಟು ಬರಲ್ಲ.

ನಮ್ಮವ್ವನ ಕಾಲದಲ್ಲಿ ಕಳದೋದದ್ದು ಬರೀ ಕಬ್ಬಿಣ, ಹೊಸ ಕಬ್ಬಿಣ ತಂದ್ರ ಮುಗೀತು. ನಮ್ಮ ಕಾಲದಲ್ಲಿ ಹೊಸದು ತರದು ಅರ್ಧ ಕೆಲಸ. ಹಳೇದನ್ನ ಮರೀಬೇಕು ಅಂತ ಕಾರಿಗ ಹೇಳದು ಇನ್ನರ್ಧ.

ಹಂಗಾಗಿ ಅಕ್ಕದೀರಾ, ತಂಗೀರಾ, ಕಾರು ತಕ್ಕಂಡಾಗ ಎಷ್ಟು ಕೀ ಕೊಡ್ತಾರ ಎಣಿಸಿಕೊಳ್ಳಿ. ಹೆಚ್ಚಾಗಿ ಎರಡು ಕೊಡ್ತಾರ. ಕಾರೇ ಕಳುವಾದ್ರ ಇನ್ಷೂರೆನ್ಸಿನವರು ಆ ಎರಡನ್ನೂ ಕೇಳ್ತಾರ. ಹಿಂಬರಹ ಇಲ್ಲದಿದ್ರ ಇನ್ನೊಂದು ಎಲ್ಲಿ ಅಂತ ಅನುಮಾನ ಪಡ್ತಾರ. ಕೀ ಜೊತಗ ನಂಬರಿನ ಬಿಲ್ಲ ಕೊಟ್ಟಿದ್ರ ಬಿಸಾಕಬ್ಯಾಡಿ, ಹಲ್ಲು ಕತ್ತರಿಸಕ್ಕ ಆ ನಂಬರೇ ಬೇಕು. ಎರಡು ಕೀಯ ಒಂದೇ ಗೊಂಚಲಿಗ ಹಾಕಬ್ಯಾಡಿ. ಕೀ ಜೊತಗ ವಿಳಾಸ ಇರೋ ಚೀಟಿ ಮಡಗಬ್ಯಾಡಿ, ಆ ತಪ್ಪು ನಾ ಮಾಡಿದ್ದು ಸಾಕು.

ಇನ್ನೊಂದು ಕೀ ಎಲ್ಲದ ಅಂತ ಹಟ್ಟಿ ಗಂಡಸರಿಗ ಮಾತ್ರ ಗೊತ್ತಿದ್ರ ಸಾಲ್ದು. ನಮ್ಮ ಎರಡನೇ ಕೀಯ ಈಗ ಅತ್ತೆಯವರ ಟ್ರಂಕಿನೊಳಗ ಮಡಗಿದೀನಿ. ಆ ಟ್ರಂಕಿನ ಕೀ ಅವರ ತಾಳಿ ಸರದಲ್ಲಿ ಅದ.