ನಡುಕ ನೀರಿನದೋ, ಇಂಜಿನ್ನಿನದೋ

ನಮ್ಮ ಮರೋಳದ ಕಡೆ ದೋಣಿಗೆ ಇಂಜಿನ್ನು ಬಂದದ್ದು ಹೊಲದಿಂದ. ಕರಾವಳಿಯವರ ಮುಂದೆ ಹೀಗಂದರೆ ನಗುತ್ತಾರೆ. ಹೊಳೆದಂಡೆಯ ಪಂಪ್‌ಸೆಟ್ ಬಿಚ್ಚಿ ಜೋಡಿಸಿಯೇ ಹೊಟ್ಟೆ ಹೊರೆದ ನನ್ನಂಥ ಮಿಸ್ತ್ರಿಗೆ ಮಾತ್ರ ಅದು ಬಂದ ದಾರಿ ಗೊತ್ತು. ಕಬ್ಬಿಗೆ, ಗೋವಿನಜೋಳಕ್ಕೆ ನೀರೆತ್ತುತ್ತಿದ್ದ ಐದು ಹಾರ್ಸ್‌ಪವರಿನ ಡೀಸೆಲ್ ಇಂಜಿನ್ನು ದಂಡೆಗೆ ಕರೆಂಟು ಬಂದಮೇಲೆ ದನದ ಕೊಟ್ಟಿಗೆಯ ಮೂಲೆ ಸೇರಿತು. ಒಂದಷ್ಟು ಕಾಲ ಕೋಳಿಗಳು ಅದರ ಮೇಲೆ ಮಲಗಿದವು. ಆಮೇಲೆ ಯಾರೋ ಬಂಡಿಯಲ್ಲಿ ಹೇರಿಕೊಂಡು ಹೋಗಿ ದೋಣಿಯ ಅಡ್ಡತೊಲೆಗೆ ಬೋಲ್ಟು ಹಾಕಿ ಬಿಗಿದರು.

ಅದಕ್ಕೆ ಮೊದಲು ನಮ್ಮ ಹೊಳೆಗಳಲ್ಲಿ ನಡುಗುವುದೇನೂ ಇರಲಿಲ್ಲ, ಸುತ್ತುವ ಹರಿಗೋಲು ಇತ್ತು. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಗೆ ದಾಟಿಸುತ್ತಿದ್ದ ಬುಟ್ಟಿಯಂಥ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಮಂದಿ ಹಿಡಿಸುತ್ತಿದ್ದರು, ಬೇಕೆಂದರೆ ಕುದುರೆ ಎತ್ತುಗಳೂ. ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತಲೇ ಸಾಗುತ್ತವೆ ಎನ್ನುವುದೂ ಅವನ ಕಣ್ಣಿಗೆ ಬಿದ್ದಿತ್ತು. ಕೃಷ್ಣೆ, ಮಲಪ್ರಭೆಯಲ್ಲಿ ನಾನು ಹುಡುಗನಾಗಿದ್ದಾಗ ಕಂಡದ್ದೂ ಅದನ್ನೇ. ತೊಗಲು ಹೋಗಿ ಡಾಂಬರು ಬಳಿದ ತಾಡಪತ್ರಿ ಬಂದಿತ್ತು, ಅಷ್ಟೇ. ಅಂಬಿಗರ ಚೌಡಯ್ಯ 12ನೆಯ ಶತಮಾನದವನು. ಅವನ ಕಾಲದಿಂದ ನನ್ನ ಬಾಲ್ಯದವರೆಗೆ ಅಂಬಿಗನಿಗೆ ಬೇಕಾದದ್ದು ಹುಟ್ಟು, ತೋಳು, ಸೆಳವು ಎಲ್ಲಿದೆಯೆಂಬ ತಿಳಿವಳಿಕೆ. ದೋಣಿ ನಿಧಾನವಾದರೆ ಅಂಬಿಗನಿಗೆ ದಣಿವಾಗಿದೆ ಎಂದರ್ಥ. ರೊಟ್ಟಿ ಕೊಟ್ಟರೆ ಮುಗಿಯಿತು.

ಇಂಜಿನ್ನಿನ ವಿಷಯಕ್ಕೆ ಬಂದರೆ, ನಮ್ಮವರು ಎರಡು ಜಾತಿ ಕಂಡರು. ಒಂದು ಲಿಸ್ಟರ್. ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಹುಟ್ಟಿದ ಈ ನಿಧಾನಿಯ ನಕಲನ್ನು ರಾಜಕೋಟದ ಕಾರ್ಖಾನೆಗಳು ಲೆಕ್ಕವಿಲ್ಲದಷ್ಟು ಮಾಡಿದವು. ಎರಡು ಕಡೆ ದೊಡ್ಡ ಫ್ಲೈವೀಲು, ನಿಮಿಷಕ್ಕೆ 650 ಸುತ್ತು. ಇನ್ನೊಂದು ಕಿರ್ಲೋಸ್ಕರ. ಲಕ್ಷ್ಮಣರಾವ್ ಕಿರ್ಲೋಸ್ಕರ 1869ರಲ್ಲಿ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಎನ್ನುತ್ತ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಆ ಮನೆತನದ ಆಯಿಲ್ ಇಂಜಿನ್ ಕಾರ್ಖಾನೆ 1946ರಲ್ಲಿ ಪುಣೆಯಲ್ಲಿ ಶುರುವಾಯಿತು. ಅದರ ಐದು ಹಾರ್ಸ್‌ಪವರಿನ ಒಂಟಿ ಸಿಲಿಂಡರಿನದು ನಿಮಿಷಕ್ಕೆ 1500 ಸುತ್ತು. ನಾಲ್ಕು ಸ್ಟ್ರೋಕಿನ ಇಂಜಿನ್ನು ಎರಡು ಸುತ್ತಿಗೊಮ್ಮೆ ಸಿಡಿಯುವುದರಿಂದ ಲಿಸ್ಟರಿನದು ನಿಮಿಷಕ್ಕೆ 325 ಹೊಡೆತ, ಇದರದು 750. ಹೊಲದಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಕೂತಾಗ ಆ ಹೊಡೆತಗಳನ್ನೆಲ್ಲ ನೆಲ ನುಂಗುತ್ತದೆ. ದೋಣಿಯಲ್ಲಿ ನೆಲ ಎಲ್ಲಿದೆ? ಪ್ರತಿ ಹೊಡೆತವೂ ತೊಲೆಗೆ, ತೊಲೆಯಿಂದ ಹಲಗೆಗೆ, ಹಲಗೆಯಿಂದ ಕೂತವರ ಹಲ್ಲಿಗೆ. ಬೋಲ್ಟಿನ ತೂತು ಅಗಲವಾಗುತ್ತದೆ, ಇಂಜಿನ್ನು ಕೂದಲೆಳೆಯಷ್ಟು ಸರಿಯುತ್ತದೆ, ಶಾಫ್ಟು ಓರೆಯಾಗುತ್ತದೆ, ಓರೆ ಶಾಫ್ಟು ನಡುಕವನ್ನು ಇನ್ನೂ ಹೆಚ್ಚಿಸುತ್ತದೆ.

"ಮಿಸ್ತ್ರಿ, ಇಂಜಿನ್ ನಡಗಾಕತ್ತೈತ್ರಿ, ಜಗ್ಗವಲ್ದು" ಎಂದು ಬರುವವನಿಗೆ ನಾನು ಕೇಳುವ ಮೊದಲ ಪ್ರಶ್ನೆ: ದೋಣಿ ನಿಂತಾಗಲೂ ನಡುಗುತ್ತದೋ, ಓಡುವಾಗ ಮಾತ್ರವೋ? ಇದು ಪಂಪಿನ ಪಾಠ. ನೀರು ಕಡಿಮೆಯಾದರೆ ಪಂಪು ಬಿಡಿಸಿ ಇಂಜಿನ್ನೊಂದನ್ನೇ ಓಡಿಸಿ ನೋಡುತ್ತಿದ್ದೆವು. ದೋಣಿಯಲ್ಲಿ ಗೇರು ಬಿಡಿಸಬೇಕು, ಗೇರಿಲ್ಲದಿದ್ದರೆ ಕಪ್ಲಿಂಗಿನ ಬೋಲ್ಟು ಬಿಚ್ಚಬೇಕು. ನಡುಕ ನಿಂತುಹೋದರೆ ರೋಗ ನೀರೊಳಗಿದೆ: ಪಂಖಾ, ಶಾಫ್ಟು, ಬೇರಿಂಗು. ನಿಲ್ಲದಿದ್ದರೆ ಮೇಲಿದೆ. ಆದರೆ ಖಾಲಿ ಓಡುವಾಗ ಸುಮ್ಮನಿದೆಯೆಂದು ಇಂಜಿನ್ನನ್ನು ಪೂರ್ತಿ ನಂಬಬಾರದು. ಫಿಲ್ಟರು ಕಟ್ಟಿದ್ದು, ರಿಂಗು ಸವೆದದ್ದು ಭಾರ ಬಿದ್ದಾಗಲೇ ಗೊತ್ತಾಗುವುದು. ದೋಣಿಯನ್ನು ಗಟ್ಟಿ ಹಗ್ಗದಲ್ಲಿ ದಂಡೆಗೆ ಕಟ್ಟಿ ಗೇರು ಹಾಕಿ ಎಳೆಸಬೇಕು, ಹೊಗೆ ನೋಡಬೇಕು. ಕರಿ ಹೊಗೆ ಬಂದರೆ ಗಾಳಿ ಸಾಲದು ಅಥವಾ ಹೊರೆ ಹೆಚ್ಚಾಗಿದೆ. ಬಿಳಿ ಬಂದರೆ ಎಣ್ಣೆ ಉರಿಯುತ್ತಿಲ್ಲ. ನೀಲಿ ಬಂದರೆ ಇಂಜಿನ್ ಆಯಿಲು ಸುಡುತ್ತಿದೆ. ಎರಡು ಸಿಲಿಂಡರಿನದಾದರೆ ಒಂದೊಂದೇ ನೋಜಲಿನ ಪೈಪಿನ ನಟ್ಟು ಸಡಿಲಿಸುತ್ತೇನೆ. ದುಡಿಯುವ ಸಿಲಿಂಡರಿನದನ್ನು ಸಡಿಲಿಸಿದರೆ ಇಂಜಿನ್ನು ಕುಸಿಯುತ್ತದೆ. ಸತ್ತ ಸಿಲಿಂಡರಿನದನ್ನು ಸಡಿಲಿಸಿದರೆ ಅದಕ್ಕೆ ಖಬರೇ ಇರುವುದಿಲ್ಲ.

ಈ ವಿದ್ಯೆಯ ಅರ್ಧ ನನಗೆ ಸಿಕ್ಕದ್ದು ಕಾರವಾರದಲ್ಲಿ. ಕೆಲಸ ಹುಡುಕಿಕೊಂಡು ಹೋಗಿದ್ದೆ. ನಾರ್ವೆ ದೇಶದ ನೆರವಿನಿಂದ 1950ರ ದಶಕದ ಮೊದಲಲ್ಲಿ ಕೇರಳದ ಕೊಲ್ಲಂ ಹತ್ತಿರ ಶುರುವಾದ ಮೀನುಗಾರಿಕೆ ಯೋಜನೆ 1963ರಲ್ಲಿ ಕಾರವಾರಕ್ಕೂ ಬಂದಿತ್ತು. ಇಂಜಿನ್ ಬೋಟಿನ ಕೆಲಸ ಅಲ್ಲಿನವರ ಕೈಗೆ ಆಗಲೇ ಹತ್ತಿತ್ತು. ದೋಣಿ ದಂಡೆಯ ಮೇಲಿದ್ದಾಗ ಶಾಫ್ಟು ನೇರ ಮಾಡಿದರೆ ಪ್ರಯೋಜನವಿಲ್ಲ ಎಂದು ಕಲಿಸಿದ್ದು ಅಲ್ಲಿಯ ಹಿರಿಯ ಮಿಸ್ತ್ರಿ. ನೀರಿಗಿಳಿದ ಕೂಡಲೇ ಹಲಗೆಯ ಒಡಲು ಬಾಗುತ್ತದೆ, ಹೀಗಾಗಿ ಕಪ್ಲಿಂಗಿನ ಅಂತರ ತೇಲುವಾಗಲೇ ಅಳೆಯಬೇಕು. ನಾಲ್ಕಿಂಚಿನ ಕಪ್ಲಿಂಗಿಗೆ ಸುತ್ತಲೂ ಫೀಲರ್ ಗೇಜು ಹಾಕಿದರೆ ವ್ಯತ್ಯಾಸ ನಾಲ್ಕು ಥೌ, ಅಂದರೆ ಇಂಚಿನ ಸಾವಿರದಲ್ಲಿ ನಾಲ್ಕು ಪಾಲು, ಮೀರಬಾರದು. ನಮ್ಮೂರಲ್ಲಿ ಅಷ್ಟು ತಲೆಕೆಡಿಸಿಕೊಂಡವರು ಕಡಿಮೆ. "ಪಂಪ್ ನಡಸ್ತಿತ್ತಲ್ಲ, ಪಂಖಾ ನಡಸೂದಿಲ್ಲೇನು?" ಎನ್ನುವ ಧೋರಣೆ.

ಆದರೆ ಕಾರವಾರದಲ್ಲಿ ಕಲಿಯಲಾಗದ ಒಂದು ಸಂಗತಿ ನಮ್ಮ ನೀರಿನಲ್ಲಿತ್ತು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಹಿನ್ನೀರು ಕೂಡಲಸಂಗಮದವರೆಗೂ ಏರಿತು. ಬಸವಣ್ಣನವರ ಐಕ್ಯಮಂಟಪವನ್ನು ಉಳಿಸಲು ಸುತ್ತ ಬಾವಿಯಂಥ ಗೋಡೆ ಕಟ್ಟಿದರು; ಇಂದು ಮೆಟ್ಟಿಲಿಳಿದು ದರ್ಶನ ಮಾಡುತ್ತೇವೆ. ಉಳಿದದ್ದಕ್ಕೆ ಗೋಡೆ ಕಟ್ಟಲು ಯಾರಿದ್ದಾರೆ? ಹೊಲದ ಒಡ್ಡು, ಬಾವಿಯ ಕಟ್ಟೆ, ಮನೆಯ ಗೋಡೆ, ಬೇವು, ಜಾಲಿ, ಎಲ್ಲ ಕೆಳಗೇ ಉಳಿದವು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಅವು ಆಳದಲ್ಲಿರುತ್ತವೆ. ಕಾಲುವೆಗೆ ನೀರು ಬಿಟ್ಟು ಬೇಸಿಗೆಯಲ್ಲಿ ಮಟ್ಟ ಇಳಿದಾಗ ಅವೇ ಗೇಣುದ್ದ ಕೆಳಗೆ ಕಾದು ಕೂರುತ್ತವೆ. ಫೆಬ್ರುವರಿಯಿಂದ ಮೇ ತನಕ ನನ್ನ ಹತ್ತಿರ ಬರುತ್ತಿದ್ದವು ಬಾಗಿದ ಪಂಖಾಗಳೇ. ಒಂದು ಎಲೆ ಒಂದಿಷ್ಟು ಮಡಚಿದರೂ ಸಾಕು, ಇಡೀ ದೋಣಿ ಗಡಗಡ ಎನ್ನುತ್ತದೆ. ಪಂಖಾದ ಪಕ್ಕ ಒಂದು ಮೊಳೆ ಅಲುಗದಂತೆ ನಿಲ್ಲಿಸಿ, ಕೈಯಲ್ಲಿ ತಿರುಗಿಸಿ, ಎಲೆಯ ತುದಿಗಳು ಮೊಳೆಯಿಂದ ಒಂದೇ ದೂರದಲ್ಲಿ ಹಾಯುತ್ತವೆಯೋ ನೋಡುತ್ತಿದ್ದೆ. ವಯಸ್ಸಾದ ಅಂಬಿಗರಿಗೆ ಮಾತ್ರ ಇಂಥ ರಿಪೇರಿ ಬೀಳುತ್ತಿರಲಿಲ್ಲ. ಮುಳುಗಿದ ಊರಲ್ಲಿ ಯಾವ ಓಣಿ ಎಲ್ಲಿ ತಿರುಗುತ್ತಿತ್ತೆಂದು ಅವರಿಗೆ ನೆನಪಿತ್ತು. ಬಂಡಿದಾರಿಯ ಮೇಲೆಯೇ ದೋಣಿ ಬಿಡುತ್ತಿದ್ದರು.

ಇನ್ನುಳಿದ ರೋಗಗಳನ್ನು ಬೇಗ ಹೇಳಿಬಿಡುತ್ತೇನೆ. ನೈಲಾನ್ ಬಲೆ ಶಾಫ್ಟಿಗೆ ಸುತ್ತಿಕೊಂಡರೆ ಇಂಜಿನ್ನು ಸುತ್ತು ಏರಿಸಲಾರದೆ ಕರಿ ಹೊಗೆ ಕಕ್ಕುತ್ತದೆ. ದಂಡೆಯ ಬ್ಯಾರಲ್ಲಿನ ಡೀಸೆಲ್‌ಗೆ ನೀರು ಸೇರಿದ್ದರೆ ತಡೆತಡೆದು ಓಡುತ್ತದೆ. ಮಲಪ್ರಭೆಯ ಹೂಳು ತಂಪುನೀರಿನ ದಾರಿ ಕಟ್ಟಿದರೆ ಕಾದು ಬಲ ಕಳೆದುಕೊಳ್ಳುತ್ತದೆ. ಹೊಲದಲ್ಲಿ ಪಂಪು ಎತ್ತಿದ ನೀರಲ್ಲೇ ಒಂದು ಕವಲು ಇಂಜಿನ್ನನ್ನು ತಣಿಸುತ್ತಿತ್ತು. ದೋಣಿಗೆ ತಂದವರು ಅದಕ್ಕೆ ಬೇರೆ ವ್ಯವಸ್ಥೆ ಬೇಕೆಂಬುದನ್ನೇ ಮರೆತಿರುತ್ತಿದ್ದರು. 2009ರ ಮತ್ತು 2019ರ ನೆರೆಗಳಲ್ಲಿ ಮುಳ್ಳುಕಂಟಿ, ಹುಲ್ಲಿನ ಬಣವೆ, ಮನೆಯ ಬಟ್ಟೆಬರೆ ಎಲ್ಲ ತೇಲಿಬಂದಾಗ, ಜನರನ್ನು ಹೊತ್ತ ದೋಣಿಯ ಪಂಖಾ ನಡುನೀರಲ್ಲಿ ಕಟ್ಟುವುದೆಂದರೆ ಏನೆಂದು ನಮ್ಮ ಹೊಳೆಸಾಲಿನವರಿಗೆ ಹೇಳಬೇಕಾಗಿಲ್ಲ.

ಈಗ ನೀರೆತ್ತಲು ನಾನು ಬೇಡ. ನಾರಾಯಣಪುರದ ಹಿನ್ನೀರನ್ನೇ ಎತ್ತಿ ಹುನಗುಂದ ಸೀಮೆಯ 24,000 ಹೆಕ್ಟೇರಿಗೆ ಹನಿಹನಿಯಾಗಿ ಹರಿಸುವ ರಾಮಥಾಳ–ಮರೋಳ ಏತ ನೀರಾವರಿ 2017ರಲ್ಲಿ ಉದ್ಘಾಟನೆಯಾಯಿತು. ಆ ದೊಡ್ಡ ಪಂಪು ನಡುಗಿದರೂ ಮೊದಲು ಕಪ್ಲಿಂಗು ಬಿಡಿಸಿ ಮೋಟರೊಂದನ್ನೇ ಓಡಿಸಿ ನೋಡಬೇಕು. ಅಳೆಯಲು ಮೀಟರಿದೆ ಎಂಬುದಷ್ಟೇ ಹೊಸತು.

ದೋಣಿಯವರು ಹಿಂದೆ ತೂಗುಹಾಕುವ ಔಟ್‌ಬೋರ್ಡ್ ಮೋಟರು ತರುತ್ತಿದ್ದಾರೆ. ಹಗುರ, ನಡುಕ ಕಡಿಮೆ, ನನಗೆ ಹಿಡಿಸಿದೆ. ಸಣ್ಣ ಮೋಟರುಗಳಲ್ಲಿ ಪಂಖಾಕ್ಕೆ ಒಂದು ಮೆತ್ತನೆಯ ಪಿನ್ನು ಇರುತ್ತದೆ. ಗೋಡೆಗೆ ಬಡಿದರೆ ಅದು ತಾನು ಮುರಿದು ಗೇರನ್ನು ಉಳಿಸುತ್ತದೆ. ಆಗ ಇಂಜಿನ್ನು ಒದರುತ್ತದೆ, ದೋಣಿ ಮಾತ್ರ ಕದಲುವುದಿಲ್ಲ. "ಕಾಕಾ, ಎಷ್ಟ ಸಲಾ ಪಿನ್ ಹಾಕ್ಸೂದ್ರಿ?" ಎಂದು ಬೇಸತ್ತ ಹುಡುಗರು ಅದರ ಜಾಗದಲ್ಲಿ ಉಕ್ಕಿನ ಮೊಳೆ ಹೊಡೆಯುತ್ತಾರೆ. ಹೋದ ಬೇಸಿಗೆ ಹಾಗೆ ಮಾಡಿದ ಒಬ್ಬನ ಗೇರಿನ ಹಲ್ಲುಗಳನ್ನು ಎಣ್ಣೆಯ ಜೊತೆ ಬಟ್ಟಲಿಗೆ ಸುರಿದು ಅವನ ಕೈಗೇ ಕೊಟ್ಟೆ. ಹೊಸ ಗೇರಿನ ರೇಟು ಕೇಳಿದ. ಹೇಳಿದೆ. ಕೂಡಲೇ ಎರಡು ಡಜನ್ ಹಿತ್ತಾಳೆ ಪಿನ್ನು ಕಟ್ಟಿಸಿಕೊಂಡು ಹೋದ.