ಲೇಫೆಂಗ್ ಗೋಪುರವೂ ಶ್ವೇತಸರ್ಪಿಣಿಯ ಕಥೆಯೂ

ಚೀನಾದೇಶದ ಹಾಂಗ್‌ಝೌ ನಗರದ ಮಗ್ಗುಲಲ್ಲಿ, ಮೂರು ದಿಕ್ಕುಗಳಿಂದಲೂ ಬೆಟ್ಟಗಳು ಬಳಸಿರುವ ಪಶ್ಚಿಮ ಸರೋವರದ ದಕ್ಷಿಣತೀರದಲ್ಲಿ, ಸಾವಿರ ವರ್ಷಗಳಿಗೆ ಐವತ್ತೊಂದು ಕಡಿಮೆಯಾಗುವಷ್ಟು ಕಾಲ ನಿಂತಿದ್ದ ಲೇಫೆಂಗ್ ಗೋಪುರವು ಯಾವ ಉದ್ದೇಶದಿಂದ ಹುಟ್ಟಿತೋ ಅದನ್ನು ಜನ ಮರೆತರು. ಹುಟ್ಟುವಾಗ ಯಾವ ಕಥೆಯ ಸೋಂಕೂ ಅದಕ್ಕಿರಲಿಲ್ಲವೋ ಆ ಕಥೆಯಿಂದಲೇ ಅದು ದೇಶವಿಖ್ಯಾತವಾಯಿತು.

ಅದನ್ನು ಕಟ್ಟಿಸಿದ ಚಿಯನ್ ಚೂ, ವೂ-ಯುಯೆ ರಾಜ್ಯದ ಕಡೆಯ ಅರಸು, ಪರಮ ಬೌದ್ಧ. ನಮ್ಮ ಮಸ್ಕಿಯ ಬಂಡೆಯ ಮೇಲೆ ತನ್ನ ಹೆಸರನ್ನು ಬಿಟ್ಟುಹೋಗಿರುವ ಅಶೋಕ ಚಕ್ರವರ್ತಿಯು 84,000 ಸ್ತೂಪಗಳನ್ನು ನಿರ್ಮಿಸಿದನೆಂಬ ಐತಿಹ್ಯವನ್ನು ಕೇಳಿ, ತಾನೂ ಅಷ್ಟೇ ಸಂಖ್ಯೆಯ ಲೋಹದ ಕಿರುಸ್ತೂಪಗಳನ್ನು ಮಾಡಿಸಲು ಸಂಕಲ್ಪಿಸಿದವನು ಆತ. ಈ ಗೋಪುರದ ಇಟ್ಟಿಗೆಗಳಲ್ಲಿ ರಂಧ್ರಗಳನ್ನು ಬಿಡಿಸಿ, ಸಂಸ್ಕೃತದಿಂದ ಚೀನೀ ಭಾಷೆಗೆ ಬಂದಿದ್ದ ಧಾರಣೀಸೂತ್ರವೊಂದರ ಮುದ್ರಿತ ಸುರುಳಿಗಳನ್ನು ಅವುಗಳೊಳಗೆ ಅಡಗಿಸಿಟ್ಟನು. ಆ ಸುರುಳಿಗಳಲ್ಲಿ ಕಾಣುವ ವರ್ಷ 975.

ಇತ್ತ ಸರ್ಪಸ್ತ್ರೀಯ ಕಥೆಯಾದರೋ ಬೇರೆಯೇ ಮೂಲದಿಂದ ಹರಿದು ಬಂದುದು. 978ರಲ್ಲಿ ಸಂಕಲಿತವಾದ ‘ಥಾಯ್‌ಪಿಂಗ್ ಗ್ವಾಂಗ್‌ಜಿ’ ಎಂಬ ಬೃಹತ್ಕಥಾಕೋಶದಲ್ಲಿ, ಶ್ವೇತವಸನೆಯಾದ ಸುಂದರಿಯೊಬ್ಬಳ ಬೆನ್ನುಹತ್ತಿಹೋದ ತರುಣನು ಮನೆಗೆ ಮರಳಿ ಹಾಸಿಗೆ ಹಿಡಿಯಲು, ಅವನ ದೇಹವೆಲ್ಲ ಕರಗಿ ನೀರಾಗಿ ತಲೆಯೊಂದೇ ಉಳಿಯಿತೆಂಬ ಭೀಕರ ವೃತ್ತಾಂತವುಂಟು. 1624ರಲ್ಲಿ ಫೆಂಗ್ ಮೆಂಗ್‌ಲುಂಗ್ ಪ್ರಕಟಿಸಿದ ಕಥಾಸಂಗ್ರಹದಲ್ಲಿ ಆ ಸರ್ಪಿಣಿಯು ಪಶ್ಚಿಮ ಸರೋವರದ ತೀರಕ್ಕೆ ಬಂದು, ಮಳೆಯಲ್ಲಿ ಕೊಡೆಯ ನೆಪದಿಂದ ಔಷಧದ ಅಂಗಡಿಯ ಯುವಕನೊಬ್ಬನ ಕೈಹಿಡಿಯುತ್ತಾಳೆ. ಫಾಹಾಯ್ ಎಂಬ ಭಿಕ್ಷುವು ತನ್ನ ಭಿಕ್ಷಾಪಾತ್ರೆಯಲ್ಲಿ ಅವಳನ್ನು ಬಂಧಿಸಿ ಲೇಫೆಂಗ್ ಗೋಪುರದಡಿಯಲ್ಲಿ ಹೂಳುತ್ತಾನೆ. ಗಂಡನೇ ಸಂನ್ಯಾಸಿಯಾಗಿ, ಭಿಕ್ಷೆಯೆತ್ತಿ ಗೋಪುರವನ್ನು ಏಳು ಅಂತಸ್ತಿಗೆ ಏರಿಸುತ್ತಾನೆ. ರೂಪಕ್ಕೆ ಮರುಳಾಗಬೇಡಿರೆಂದು ತರುಣರನ್ನು ಎಚ್ಚರಿಸುವುದೇ ಗ್ರಂಥಕರ್ತನ ಅಭಿಪ್ರಾಯ.

ಆದರೆ ಕೇಳುವ ಜನಕ್ಕೆ ಈ ನೀತಿ ಪಥ್ಯವಾಗಲಿಲ್ಲ. ಈ ಹೆಣ್ಣು ಯಾರನ್ನು ಕೊಂದಳು? ಗಂಡನಿಗೆ ಅಂಗಡಿ ಹಾಕಿಕೊಟ್ಟಳು, ಅವನು ಸತ್ತು ಬಿದ್ದಾಗ ದಿವ್ಯಮೂಲಿಕೆಯನ್ನು ಕದ್ದು ತಂದು ಬದುಕಿಸಿದಳು, ಫಾಹಾಯ್‌ನ ಸೆರೆಯಿಂದ ಅವನನ್ನು ಬಿಡಿಸಿಕೊಳ್ಳಲು ಜಿನ್‌ಶಾನ್ ವಿಹಾರದ ಮೇಲೆ ಪ್ರವಾಹವನ್ನೇ ನುಗ್ಗಿಸಿದಳು ಎಂದು ನಟರೂ ಕಥೆಗಾರರೂ ಪ್ರಸಂಗದ ಮೇಲೆ ಪ್ರಸಂಗವನ್ನು ಸೇರಿಸುತ್ತ ಹೋದರು. 1738ರ ಸುಮಾರಿಗೆ ಹ್ವಾಂಗ್ ತೂಬಿ ಎಂಬ ಕವಿಯು ಈ ಕಥೆಯನ್ನು ನಾಟಕವಾಗಿ ಬರೆಯಲು, ರಂಗದವರು ಅದಕ್ಕೆ ಅವಳ ಗರ್ಭದಲ್ಲೊಬ್ಬ ಮಗನನ್ನು ಹುಟ್ಟಿಸಿ, ಅವನು ಸಾಮ್ರಾಜ್ಯದ ಪರೀಕ್ಷೆಯಲ್ಲಿ ಪ್ರಥಮಸ್ಥಾನ ಪಡೆಯುವಂತೆ ಮಾಡಿದರು. ಸರ್ಪದ ಹೊಟ್ಟೆಯಲ್ಲಿ ಅಂಥ ಪಂಡಿತನು ಹುಟ್ಟುವುದುಂಟೇ ಎಂದು ಕವಿ ಸಿಡುಕಿದನು, ಯಾರೂ ಕಿವಿಗೊಡಲಿಲ್ಲ. 1771ರಲ್ಲಿ ಫಾಂಗ್ ಚೆಂಗ್‌ಪೇ ಅದೇ ವಸ್ತುವನ್ನು ತಿದ್ದಿ ಬರೆದಾಗ ನಟರ ಆ ಮಗನನ್ನು ಉಳಿಸಿಕೊಂಡನು. ಕವಿಗಿಂತ ನಟರೇ ಇಲ್ಲಿ ಹೆಚ್ಚು ರಸಜ್ಞರೆಂದು ನನ್ನ ಮತ.

ಗೋಪುರದ ಗತಿಯೂ ಜನರ ಕೈಯಲ್ಲಿಯೇ ಇತ್ತು. ಹದಿನಾರನೆಯ ಶತಮಾನದಲ್ಲಿ ಕಡಲ್ಗಳ್ಳರು ಹಚ್ಚಿದ ಬೆಂಕಿಯಲ್ಲಿ ಮರದ ಸೂರುಗಳೆಲ್ಲ ಉರಿದುಹೋಗಿ ಇಟ್ಟಿಗೆಯ ಒಡಲು ಮಾತ್ರ ಉಳಿದಿತ್ತೆನ್ನುತ್ತಾರೆ. ಅದರ ಇಟ್ಟಿಗೆಯ ಪುಡಿ ರೋಗಹರವೆಂದೂ, ಮನೆಯಲ್ಲಿಟ್ಟರೆ ರೇಷ್ಮೆಹುಳು ಚೆನ್ನಾಗಿ ಬರುವುದೆಂದೂ ನಂಬಿದ ಹಳ್ಳಿಗರು ಬುಡವನ್ನು ತಲೆಮಾರುಗಳಿಂದ ಕೆದಕುತ್ತ ಬಂದು, ಕಟ್ಟಕಡೆಗೆ 1924ರ ಸೆಪ್ಟೆಂಬರ್ 25ರಂದು ಗೋಪುರವು ಕುಸಿದುಬಿದ್ದಿತು. ಅರಸನ ಸೂತ್ರಸುರುಳಿಗಳು ಆಗ ಹೊರಬಿದ್ದುವು. ಬಾಲ್ಯದಲ್ಲಿ ಅಜ್ಜಿಯ ಬಾಯಿಂದ ಈ ಕಥೆ ಕೇಳಿ, ಗೋಪುರವು ಎಂದು ಬಿದ್ದೀತೆಂದು ಹಂಬಲಿಸಿದ್ದ ಚೀನೀ ಸಾಹಿತಿ ಲೂ ಶುನ್, ಸುದ್ದಿ ಮುಟ್ಟಿದ ಮೇಲೆ ಬರೆದ ಪ್ರಬಂಧದಲ್ಲಿ ತನ್ನ ಹರ್ಷವನ್ನು ಮುಚ್ಚಿಡಲಿಲ್ಲ. ಫಾಹಾಯ್ ಮಾಡಿದುದು ಅಧಿಕಪ್ರಸಂಗವೆಂದು ಸ್ವರ್ಗಾಧಿಪತಿಯೇ ಮುನಿದು ಹಿಡಿಯಹೋದಾಗ, ಆ ಭಿಕ್ಷುವು ಏಡಿಯ ಚಿಪ್ಪಿನೊಳಗೆ ಹೊಕ್ಕು ಇಂದಿಗೂ ಅಲ್ಲಿಯೇ ಅಡಗಿದ್ದಾನೆಂಬ ಆ ನಾಡಿನ ಪ್ರತೀತಿಯನ್ನೂ ಆತ ಅದರಲ್ಲಿ ಸವಿದು ಹೇಳಿದ್ದಾನೆ. ಬೆಂದ ಏಡಿಯನ್ನು ಬಿಡಿಸಿ ಒಳಗೆ ಕುಳಿತ ಸಂನ್ಯಾಸಿಯನ್ನು ಮಕ್ಕಳು ಹುಡುಕುತ್ತಿದ್ದರಂತೆ. ಜಿನ್‌ಶಾನ್ ವಿಹಾರದವರಿಗೆ ಫಾಹಾಯ್ ಪೂಜ್ಯನಾದ ಸಂಸ್ಥಾಪಕ. ಪಾಪ, ಜನರ ನ್ಯಾಯಾಸ್ಥಾನದಲ್ಲಿ ಅವನ ಪರವಾಗಿ ವಾದಿಸುವವರಿರಲಿಲ್ಲ.

2001ರಲ್ಲಿ ಪುರಾತತ್ತ್ವಜ್ಞರು ಗೋಪುರದ ತಳದ ನೆಲಮಾಳಿಗೆಯನ್ನು ತೆರೆದಾಗ ಕಬ್ಬಿಣದ ಪೆಟ್ಟಿಗೆಯಲ್ಲಿ ಚಿನ್ನದ ಲೇಪವುಳ್ಳ ಬೆಳ್ಳಿಯ ಸ್ತೂಪವೊಂದು ದೊರೆಯಿತು. ಮರುವರ್ಷವೇ ಅವಶೇಷಗಳ ಮೇಲೆ ಉಕ್ಕಿನ ಹೊಸ ಗೋಪುರ ಎದ್ದಿತು. ಅದರೊಳಗೆ ಮರದ ಫಲಕಗಳಲ್ಲಿ ಕೆತ್ತಿಸಿರುವುದು ಶ್ವೇತಸರ್ಪಿಣಿಯ ಕಥೆಯನ್ನು.