ಪುತ್ಲಿಬೌಲಿಯ ಲೈನರ್, ಗಚ್ಚಿಬೌಲಿಯ ಡಿಸ್ಕ್

ಮಣ್ಣುಹಾದಿಯಲ್ಲಿ ಬೈಕಿನ ಹಿಂದಿನ ಬ್ರೇಕ್ ಇರುವುದು ಗಾಡಿ ನಿಲ್ಲಿಸುವುದಕ್ಕಷ್ಟೇ ಅಲ್ಲ, ತಿರುಗಿಸುವುದಕ್ಕೂ ಹೌದು. ವಿಕಾರಾಬಾದಿನ ಅನಂತಗಿರಿ ಗುಡ್ಡದ ಕೆಂಪು ಗರಸಿನಲ್ಲಿ ಇಳಿಯುವಾಗ ಮುಂದಿನ ಬ್ರೇಕ್ ಬಿಗಿ ಹಿಡಿದರೆ ಮುಂಚಕ್ರ ಜಾರುತ್ತದೆ. ಬಲಗಾಲಿನ ಪೆಡಲನ್ನು ಹದವಾಗಿ ಒತ್ತಿದರೆ ಹಿಂಚಕ್ರ ತುಸು ಹೊರಳಿ ಗಾಡಿ ತಿರುವಿಗೆ ಮುಖ ಮಾಡುತ್ತದೆ. ಡರ್ಟ್ ಬೈಕಿನಲ್ಲಿ ಹಿಂದಿನ ಪ್ಯಾಡ್ ಬೇಗ ಸವೆಯುವುದು ಇದಕ್ಕೇ.

ನಾನು ಬೀದರ್ ಕಡೆಯವನು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ರಾಜ್ಯದಲ್ಲಿದ್ದವು. 1956ರಲ್ಲಿ ಗಡಿ ಬದಲಾಯಿತು, ಕೆಲಸಕ್ಕೆಂದು ಹೈದರಾಬಾದಿನ ಬಸ್ಸು ಹತ್ತುವುದು ಮಾತ್ರ ನಿಲ್ಲಲಿಲ್ಲ. ಎಂಬತ್ತರ ದಶಕದ ಕೊನೆಗೆ ನಾನು ಅಲ್ಲಿನ ಪುತ್ಲಿಬೌಲಿಯ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಸೇರಿದೆ. ಬುಲೆಟ್, ರಾಜದೂತ್, ನಮ್ಮ ಮೈಸೂರಿನ ಯೆಜ್ಡಿ, 1985ರಲ್ಲಿ ಬಂದ ಆರ್‌ಎಕ್ಸ್ 100, ಎಲ್ಲಕ್ಕೂ ಹಿಂದೆ ಡ್ರಮ್ ಬ್ರೇಕೇ.

ಡ್ರಮ್ಮಿನ ಒಳಮೈಗೆ ಒತ್ತುವ ಬ್ರೇಕ್ ಶೂ ಸವೆದರೆ ಆಗ ಯಾರೂ ಎಸೆಯುತ್ತಿರಲಿಲ್ಲ, ಅದರ ಮೇಲಿನ ಉಜ್ಜುಪಟ್ಟಿಯನ್ನು, ಅಂದರೆ ಲೈನರನ್ನು, ಹೊಸದಾಗಿ ಹೊಡೆಸುತ್ತಿದ್ದರು. ಹಳೆಯ ಲೈನರ್ ಕಿತ್ತು, ಶೂ ಉಜ್ಜಿ, ಹೊಸದನ್ನು ಅಂಟಿಸಬೇಕು ಇಲ್ಲವೆ ರಿವೆಟ್ ಹೊಡೆಯಬೇಕು. ರಿವೆಟ್ಟಿನ ತಲೆ ಲೈನರಿನ ಮೈಗಿಂತ ಒಳಗೆ ಕೂರಬೇಕು. ಮೇಲೆದ್ದರೆ ಡ್ರಮ್ಮನ್ನು ಗೀರಿಹಾಕುತ್ತದೆ. ಉಸ್ತಾದರು ಲೈನರಿಗೆ ಸೀಮೆಸುಣ್ಣ ಬಳಿದು ಶೂವನ್ನು ಡ್ರಮ್ಮಿನಲ್ಲಿ ತಿರುಗಿಸುವರು. ಸುಣ್ಣ ಅಳಿಸಿದ ಕಡೆ ಉಬ್ಬು ಇದೆಯೆಂದು ಅರ್ಥ, ಅಷ್ಟೇ ಜಾಗಕ್ಕೆ ಅರ ಹಾಕುವರು. ಕೀರಲು ಸದ್ದು ಬರದಿರಲಿ ಎಂದು ಎರಡೂ ತುದಿಗಳನ್ನು ಇಳಿಜಾರಾಗಿ ತೀಡುವರು. ನನ್ನ ಕೈ ಅವಸರ ಮಾಡಿದಾಗ “ಹಲ್ಲೂ ಬೇಟಾ, ಹಲ್ಲೂ” ಅನ್ನುವರು, ಮೆಲ್ಲಗೆ ಮಗನೇ ಎಂದು. ಅಂಥ ಕುಶಲಕರ್ಮಿಯನ್ನು ನಾನು ಮತ್ತೆ ಕಂಡಿಲ್ಲ.

ಅವರು ಬಾಯಿಂದ ಊದಿ ಹಾರಿಸುತ್ತಿದ್ದ ಆ ಧೂಳಿನಲ್ಲಿ ಆಸ್ಬೆಸ್ಟಾಸ್ ಇತ್ತು. ಅದು ಶ್ವಾಸಕೋಶ ಕೆಡಿಸುವ ನಾರು. ಗಲ್ಲಿಯಲ್ಲಿ ಯಾರೂ ಮೂಗಿಗೆ ಬಟ್ಟೆ ಕಟ್ಟಿದ್ದು ನೋಡಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಲೈನರಿನ ಕಥೆ ಶುರುವಾದದ್ದು ಇಂಗ್ಲೆಂಡಿನ ಡರ್ಬಿಶೈರಿನಲ್ಲಿ. ಗುಡ್ಡ ಇಳಿಯುವ ಬಂಡಿಯ ಗಾಲಿಗೆ ರೈತರು ಹಳೆಯ ಬೂಟು ಒತ್ತುವುದನ್ನು ಕಂಡು ಹರ್ಬರ್ಟ್ ಫ್ರೂಡ್ 1897ರ ಹೊತ್ತಿಗೆ ಬ್ರೇಕ್ ಲೈನರ್ ಮಾಡತೊಡಗಿದನೆನ್ನುತ್ತಾರೆ. ಗಾಲಿಯ ತಟ್ಟೆಯನ್ನು ಎರಡು ಕಡೆಯಿಂದ ಪ್ಯಾಡ್ ಹಿಡಿಯುವ ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನದೇ ಎಂಜಿನಿಯರ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದ. ಆದರೂ ಮೋಟೊಕ್ರಾಸ್ ಬೈಕಿನ ಹಿಂಚಕ್ರಕ್ಕೆ ಅದು ಬಂದದ್ದು 1980ರ ದಶಕದ ನಡುವಿನಲ್ಲಿ. ಬ್ರೇಕ್ ಹಿಡಿದಾಗ ಭಾರ ಹೆಚ್ಚಾಗಿ ಮುಂದಕ್ಕೆ ಬೀಳುವುದರಿಂದ ಹಿಂದೆ ಅಗ್ಗದ ಡ್ರಮ್ ಸಾಕೆಂಬ ಲೆಕ್ಕ. ಆದರೆ ಡ್ರಮ್ಮಿಗೆ ನೀರು ಹೊಕ್ಕರೆ ಅದು ಆರುವತನಕ ಬ್ರೇಕ್ ಸರಿಯಾಗಿ ಹಿಡಿಯದು. ಡಿಸ್ಕ್ ನೀರನ್ನು ಎರಚಿ ಒಡನೆ ಕೆಲಸಕ್ಕಿಳಿಯುತ್ತದೆ. ನಮ್ಮ ಗ್ಯಾರೇಜುಗಳಿಗೆ ಅದು ಮೊದಲು ಮುಂಚಕ್ರದಲ್ಲಿ 1999ರ ಸಿಬಿಝಡ್ ಬೈಕಿನ ಜೊತೆ ಬಂತು, ಹಿಂಚಕ್ರದಲ್ಲಿ 2007ರ ಪಲ್ಸರ್ 220ರಲ್ಲಿ. ಮಣ್ಣುಹಾದಿಗೂ ಒಗ್ಗುವ 2019ರ ಎಕ್ಸ್‌ಪಲ್ಸ್ 200 ಬಂದ ಮೇಲೆ ಕಾಲೇಜು ಹುಡುಗರೂ ಗುಡ್ಡಕ್ಕೆ ಹೊರಟರು. ಅದರ ಹಿಂದಿನ ಡಿಸ್ಕ್ 220 ಮಿಲಿಮೀಟರ್.

ಪ್ಯಾಡ್ ಬದಲಿಸುವುದು ಸುಲಭ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಳೆಯ ಪ್ಯಾಡ್ ತೆಗೆದೊಡನೆ ಅದನ್ನು ಒತ್ತುವ ಪಿಸ್ಟನನ್ನು ಒಳಗೆ ತಳ್ಳಿದರೆ ಅದರ ಮೈಗಂಟಿದ ಮಣ್ಣು ಸೀಲನ್ನು ಕೊರೆಯುತ್ತದೆ. ಮೊದಲು ಒರೆಸಬೇಕು. ತಳ್ಳುವಾಗ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ, ಉಕ್ಕಿದರೆ ಬಣ್ಣ ತಿನ್ನುತ್ತದೆ. ಪ್ಯಾಡ್ ಕೂರುವ ಪಿನ್ನಿನಲ್ಲಿ ಗೀರು ಬಿದ್ದಿದ್ದರೆ ಪ್ಯಾಡ್ ಅಲ್ಲೇ ಸಿಕ್ಕಿಕೊಂಡು ಒಂದು ಬದಿ ಮಾತ್ರ ಸವೆಯುತ್ತದೆ. ಕೆಸರಿಗೆ ಲೋಹದ ಪುಡಿ ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡೇ ಬಾಳುತ್ತದೆ. ಮೆತ್ತನೆಯದು ಮಳೆಗಾಲದ ಒಂದೇ ರೇಸಿನಲ್ಲಿ ಮುಗಿಯುವುದುಂಟು. ಸೀಮೆಸುಣ್ಣದ ಕೆಲಸವನ್ನು ಈಗ ಮೆಲ್ಲನೆಯ ಓಟ ಮಾಡುತ್ತದೆ. ಹತ್ತಾರು ಸಲ ಹದವಾಗಿ ಬ್ರೇಕ್ ಒತ್ತಿ ಪ್ಯಾಡನ್ನು ಡಿಸ್ಕಿಗೆ ಹೊಂದಿಸಬೇಕು.

2025ರ ಡಿಸೆಂಬರಿನಲ್ಲಿ, ಮಣ್ಣಿನ ದಿಬ್ಬಗಳ ಮೇಲಿಂದ ಬೈಕ್ ಜಿಗಿಸುವ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್ ಗಚ್ಚಿಬೌಲಿ ಕ್ರೀಡಾಂಗಣಕ್ಕೆ ಬಂತು. ಆಮೇಲೆ ನನ್ನ ಗ್ಯಾರೇಜಿಗೆ ಬರುವ ಹುಡುಗರು ಜಿಗಿತದ ಮಾತನ್ನೇ ಆಡುತ್ತಾರೆ. ನಾನು ಅವರ ಕೈಗೇ ಪಾನಾ ಕೊಟ್ಟು ಪ್ಯಾಡ್ ಹಾಕಿಸುತ್ತೇನೆ. ಹೊಸ ಪ್ಯಾಡ್ ಕೂತ ಮೇಲೆ ಪಿಸ್ಟನ್ ಹೊರಬಂದು ಪೆಡಲ್ ಗಟ್ಟಿಯಾಗುವತನಕ ಒತ್ತದೆ ಒಂದು ಗಾಡಿಯೂ ನನ್ನ ಶಟರ್ ದಾಟುವುದಿಲ್ಲ.